ಮರಿಯಮ್ಮನ ಬೆಳಗಿನ ಪ್ರಶ್ನೆ

ನಮ್ಮ ಮನೆಯ ಓನರ್ ಮರಿಯಮ್ಮನಿಗೆ ನಾನು ಚೆನ್ನಾಗಿ ನಿದ್ದೆ ಮಾಡುವುದು ಹಿಡಿಸುತ್ತಿರಲಿಲ್ಲ. ಆಡಿಕೊಳ್ಳಲು ಹೇಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ. ನನಗೆ ಏಳು ತಿಂಗಳು ತುಂಬಿದಂದಿನಿಂದ ದಿನಾ ಬೆಳಿಗ್ಗೆ ಏಳೂವರೆಗೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಮುಗಿಸಿ, ಮೊಣಕಾಲು ಒತ್ತಿಕೊಳ್ಳುತ್ತಾ ನಮ್ಮ ಮೊದಲ ಮಹಡಿಗೆ ಹತ್ತಿ ಬರುತ್ತಿದ್ದರು. ಕಾಲಿಂಗ್ ಬೆಲ್ ಇದ್ದರೂ ಬಾಗಿಲನ್ನೇ ಬಡಿಯುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಮಾತು.

"ನಿದ್ದೆ ಬಂತಾ?"

"ಇಲ್ಲ ದೊಡ್ಡಮ್ಮ, ರಾತ್ರಿಯೆಲ್ಲ ಒದೀತಿತ್ತು" ಎಂದರೆ ಮುಖ ಅರಳುತ್ತಿತ್ತು. "ಒಳ್ಳೇದಾಯ್ತು" ಎಂದು ಇಳಿದು ಹೋಗುತ್ತಿದ್ದರು. ಅಪ್ಪಿತಪ್ಪಿ "ಚೆನ್ನಾಗಿ ಬಂತು" ಎಂದೆನೋ, ನನ್ನ ಕತೆ ಮುಗಿಯಿತು. ಒಳಗೆ ಬಂದು ನನ್ನನ್ನು ಸೋಫಾದ ಮೇಲೆ ಎಡಮಗ್ಗುಲಿಗೆ ಮಲಗಿಸಿ, ಫ್ರಿಜ್ಜಿನಿಂದ ತಣ್ಣೀರು ತೆಗೆದು, ಎರಡು ಚಮಚ ಸಕ್ಕರೆ ಕದಡಿ ಕುಡಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತುಬಿಡುತ್ತಿದ್ದರು. ಒಳಗಿನದು ಒಮ್ಮೆ ಮಿಸುಕಿದ ಮೇಲೆಯೇ ಎದ್ದು ಹೋಗುವುದು. ಅಷ್ಟರಲ್ಲಿ ನನ್ನ ಕಾಫಿ ಆರಿ ತಣ್ಣಗಾಗಿರುತ್ತಿತ್ತು.

"ಬಸುರಿ ಹೆಂಗಸು ಒಂದಿನ ನೆಮ್ಮದಿಯಾಗಿ ನಿದ್ದೆ ಮಾಡಿದ್ರೆ ಇವರ ಗಂಟೇನು ಹೋಗುತ್ತೆ?" ಎಂದು ನಾನು ಗಂಡ ಅಭಿರಾಮನ ಮೇಲೆ ಹರಿಹಾಯುತ್ತಿದ್ದೆ. ಅವನು ಯಶವಂತಪುರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ವಯಸ್ಸಾದೋರು ಕಣೇ ವನಿತಾ, ಬಿಟ್ಬಿಡು" ಎಂದು ಶೂ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಜಕ್ಕೂರಿನ ಹಳೇ ಊರಿನ ಬೀದಿಯಲ್ಲಿ ಮರಿಯಮ್ಮನದು ಮೂರು ಮಹಡಿಯ ಮನೆ. ಕೆಳಗೆ ಅವರು ಮತ್ತು ಮಗ ಗೋಪಿ, ಮೇಲೆ ನಾವು, ನಮ್ಮ ಮೇಲೆ ಇನ್ನೊಂದು ಸಂಸಾರ. ನಾವು ಬಾಡಿಗೆಗೆ ಬಂದ ದಿನ ನಾನು "ಆಂಟಿ" ಎಂದು ಕರೆದೆ. "ಆಂಟಿ ಗೀಂಟಿ ಬ್ಯಾಡ, ದೊಡ್ಡಮ್ಮ ಅನ್ನು" ಎಂದು ಗದರಿದ್ದರು. ಮದುವೆಯಾಗಿ ಈ ಊರಿಗೆ ಬಂದಾಗ ಹದಿನೆಂಟು ವರ್ಷವಂತೆ. ಆಗ ಇಲ್ಲೆಲ್ಲ ರಾಗಿ, ಅವರೆ, ಕೆರೆಯ ಕೆಳಗೆ ಒಂದಿಷ್ಟು ಭತ್ತ. ಈಗ ಆ ಹೊಲಗಳ ಮೇಲೆ ಇಂಗ್ಲಿಷ್ ಹೆಸರಿನ ಅಪಾರ್ಟ್‌ಮೆಂಟುಗಳು ಎದ್ದಿವೆ. ಮರಿಯಮ್ಮ ಮಾತ್ರ ಆ ಹೆಸರುಗಳನ್ನು ಬಾಯಿಗೆ ಹಾಕಿಕೊಂಡವರಲ್ಲ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುವಾಗ ಪಾರ್ಸೆಲ್ ತರುವವರು ಯಾವುದೋ ಟವರಿನ ದಾರಿ ಕೇಳಿದರೆ, "ಓ, ಬೈರಪ್ಪನ ಬದ್ನೆ ತ್ವಾಟನಾ? ಇಂಗೇ ನೆಟ್ಟಗೆ ಓಗು" ಎನ್ನುತ್ತಿದ್ದರು. ಬೈರಪ್ಪ ಎಂದರೆ ಅವರ ಮೈದುನ ಚಿಕ್ಕಬೈರಪ್ಪ. ತೋಟ ಮಾರಿ ಇಪ್ಪತ್ತು ವರ್ಷವಾಗಿತ್ತು.

ಊರಿನ ಹೆಂಗಸರಿಗೆ ಆಕೆಯ ಕೈಮೇಲೆ ಬಹಳ ನಂಬಿಕೆ. ಬಸುರಿ ಮಗಳನ್ನೋ ಸೊಸೆಯನ್ನೋ ಕರೆತಂದು ಮುಂದೆ ನಿಲ್ಲಿಸಿದರೆ, ಹೊಟ್ಟೆ ಮುಟ್ಟಿ "ತಲೆ ಇಲ್ಲಿ ಅದೆ, ಕಾಲು ಅಲ್ಲಿ ಅದೆ" ಎಂದು ಹೇಳುತ್ತಿದ್ದರು. ಆಮೇಲೆ ಸ್ಕ್ಯಾನಿಂಗಿನಲ್ಲಿ ಅದೇ ಬರುತ್ತಿತ್ತು. ಇದರಿಂದ ಆಕೆಗೆ ತಲೆ ತಿರುಗಿತ್ತು ಎಂದು ನನ್ನ ತೀರ್ಮಾನ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಾರಿಗೆ ಉಪ್ಪು ಹೆಚ್ಚಾದರೂ ಉಪ್ಪನ್ನು ಬೈಯುವರೇ ಹೊರತು ತನ್ನ ಕೈಯನ್ನು ಬೈಯುವವರಲ್ಲ.

ನಾನೋ ಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನಗೆ ಕೈಗಿಂತ ಲೆಕ್ಕದ ಮೇಲೆ ನಂಬಿಕೆ. ಎರಡು ಗಂಟೆಯಲ್ಲಿ ಮಗು ಹತ್ತು ಸಲವಾದರೂ ಆಡಬೇಕು ಎಂದು ಡಾಕ್ಟರ್ ಹೇಳಿದ್ದರು. ಫೋನಿನಲ್ಲಿ ಅದಕ್ಕೊಂದು ಆ್ಯಪ್ ಹಾಕಿಕೊಂಡಿದ್ದೆ. ಮಗು ಒದ್ದಾಗಲೆಲ್ಲ ಪರದೆಯ ಮೇಲಿನ ಪುಟ್ಟ ಪಾದವನ್ನು ಒತ್ತುವುದು, ಹತ್ತಾದ ಕೂಡಲೇ ಹಸಿರು ಟಿಕ್ ಬರುವುದು. ನನ್ನ ಮಗು ಹತ್ತನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿತ್ತು. ಕ್ಲಾಸಿಗೆ ಫಸ್ಟ್ ಬಂದಷ್ಟು ಜಂಬ ನನಗೆ. ಜಕ್ಕೂರಿನ ಫ್ಲೈಯಿಂಗ್ ಕ್ಲಬ್ಬಿನ ತರಬೇತಿ ವಿಮಾನಗಳು ತಲೆಯ ಮೇಲೆ ಗುಂಯ್ಯೆಂದಾಗ ಇನ್ನೂ ಜೋರಾಗಿ ಒದೆಯುತ್ತಿತ್ತು. "ಅಕ್ಕಾ, ಪೈಲಟ್ ಕಣಕ್ಕಾ ಒಳಗಿರೋದು" ಎಂದು ಗೋಪಿ ತಮಾಷೆ ಮಾಡುತ್ತಿದ್ದ. ಆ ತಮಾಷೆಯೇ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿತು.

ಯಲಹಂಕದಲ್ಲಿ ಏರ್ ಶೋ ನಡೆದ ಫೆಬ್ರವರಿ ಅದು. ನನಗೆ ಮೂವತ್ತೇಳನೇ ವಾರ. ಮುಂದಿನ ಸೋಮವಾರ ಒಳ್ಳೆಯ ದಿನವೆಂದು ನೋಡಿ, ಚಿಕ್ಕಬಾಣಾವರದ ತವರಿಗೆ ಕರೆದುಕೊಂಡು ಹೋಗುವುದಾಗಿ ಅಮ್ಮ ಹೇಳಿದ್ದಳು. ಏರ್ ಶೋ ಬಂದರೆ ಜಕ್ಕೂರಿನಲ್ಲಿ ತಾರಸಿ ಇದ್ದವರ ಮನೆಯೆಲ್ಲ ಹಬ್ಬದ ಮನೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಮರಿಯಮ್ಮನ ನೆಂಟರಿಷ್ಟರು ಬಂದು ತಾರಸಿ ತುಂಬಿದರು. ಶಾಮಿಯಾನ ಕಟ್ಟಿದ್ದರು. ಮಜ್ಜಿಗೆಯ ಕೊಳದಪ್ಪಲೆ, ಚಿತ್ರಾನ್ನದ ಪಾತ್ರೆ ಮೇಲೆ ಬಂದವು. ಚಿಕ್ಕಬೈರಪ್ಪ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ಎಲ್ಲವನ್ನೂ ತಾನೇ ಏರ್ಪಾಡು ಮಾಡಿದವನ ಗತ್ತಿನಲ್ಲಿ ಓಡಾಡುತ್ತಿದ್ದ. ನನ್ನನ್ನು ಸ್ಕೂಲಿಗೆ ಬಿಟ್ಟು ಕರೆತರುತ್ತಿದ್ದ ಆರ್.ಟಿ. ನಗರದ ಆಟೋ ಡ್ರೈವರ್ ಆತಿಫ್ ಕೂಡ ಬಂದಿದ್ದ. ಬಳ್ಳಾರಿ ರಸ್ತೆ ಜಾಮ್, ಬಾಡಿಗೆ ಹುಟ್ಟುವುದಿಲ್ಲ, ಶೋವನ್ನಾದರೂ ನೋಡೋಣ ಎಂದು ಗಾಡಿಯನ್ನು ಬೀದಿ ತುದಿಯಲ್ಲಿ ನಿಲ್ಲಿಸಿ ಮೇಲೆ ಬಂದಿದ್ದ. ಅಭಿರಾಮ್ ಜಾಮಿಗೆ ಹೆದರಿ ಏಳಕ್ಕೇ ಆಫೀಸಿಗೆ ಹೋಗಿದ್ದ.

ಹೆರಿಗೆ ರಜೆಯಲ್ಲಿದ್ದ ನಾನೂ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಹತ್ತು ಗಂಟೆಗೆ ಮೊದಲ ಯುದ್ಧವಿಮಾನ ಆಕಾಶ ಸೀಳಿತು. ಕೆಳಗಿನ ಕಿಟಕಿಗಳ ಗಾಜು ಗಡಗಡ ನಡುಗಿತು. ಅದೇ ಹೊತ್ತಿಗೆ ನನ್ನ ಹೊಟ್ಟೆಯೊಳಗೂ ಶುರುವಾಯಿತು. ಒಂದು ಕಡೆ ಒದ್ದು ಸುಮ್ಮನಾಗುವ ಮಗು ಅಂದು ಸುಮ್ಮನಾಗಲೇ ಇಲ್ಲ. ಎಡಕ್ಕೆ, ಬಲಕ್ಕೆ, ಪಕ್ಕೆಲುಬಿನ ಕೆಳಗೆ. ನೈಟಿಯ ಮೇಲಿಂದಲೇ ಹೊಟ್ಟೆ ಓಲಾಡುವುದು ಕಾಣುತ್ತಿತ್ತು. ನಾನು "ಅಯ್ಯೋ" ಎಂದು ಕುರ್ಚಿ ಹಿಡಿದುಕೊಂಡೆ.

ಮರಿಯಮ್ಮ ಬಂದು ಕೈಯಿಟ್ಟರು. ಕೈಯಿಟ್ಟು ನಕ್ಕರು. "ಇಮಾನದ ಸದ್ದಿಗೆ ಕುಣೀತದೆ ಕಣವ್ವ. ನೋಡ್ರೇ, ಬರ್ರೇ ಇಲ್ಲಿ!" ಎಂದು ನೆಂಟರ ಹೆಂಗಸರನ್ನೆಲ್ಲ ಕರೆದರು. ಒಬ್ಬೊಬ್ಬರಾಗಿ ಬಂದು ನನ್ನ ಹೊಟ್ಟೆ ಮುಟ್ಟಿ ಕಿಲಕಿಲ ನಕ್ಕರು. ಸರ್ಕಸ್ಸಿನ ಆನೆಯಾಗಿಬಿಟ್ಟೆನಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಆದರೂ ಹೇಳಿಬಿಡುತ್ತೇನೆ, ಒಳಗೊಳಗೆ ಹಿಗ್ಗೂ ಇತ್ತು. ಆ್ಯಪ್ ತೆಗೆದು ಎಣಿಸಿದೆ. ಹತ್ತು ಆಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಹಸಿರು ಟಿಕ್ ಬಂತು. ಅದನ್ನು ಎಲ್ಲರಿಗೂ ತೋರಿಸಿದೆ.

ಹನ್ನೆರಡಕ್ಕೆ ಬೆಳಗಿನ ಹಾರಾಟ ಮುಗಿಯಿತು. ಮಧ್ಯಾಹ್ನದ್ದು ಮತ್ತೆ ಎರಡರ ಮೇಲೆ. ತಾರಸಿಯಲ್ಲಿ ಚಾಪೆ ಹಾಸಿ ಎಲೆ ಹಾಕಿದರು. ಆಕಾಶ ಖಾಲಿ, ಒಂದು ಹದ್ದು ಮಾತ್ರ ಸುತ್ತುತ್ತಿತ್ತು. ನಾನು ಗೋಡೆಗೊರಗಿ ಕಾಲು ಚಾಚಿ ಕೂತೆ. ಮಗು ಇನ್ನೂ ಒದ್ದಾಡುತ್ತಲೇ ಇತ್ತು. ಈಗ ಅದು ನನಗೆ ದಿನದ ಒದೆತದಂತೆ ಅನಿಸಲಿಲ್ಲ. ಒಂದೊಂದು ಸಲ ಇಡೀ ಮೈಯನ್ನೇ ಝಾಡಿಸಿದಂತೆ. ತುತ್ತು ಬಾಯಿಗೆ ಇಡಲಾಗದೆ ಕೈ ಹೊಟ್ಟೆಯ ಮೇಲೇ ಇತ್ತು. ಯಾರಿಗಾದರೂ ಹೇಳೋಣವೆಂದರೆ ಏನು ಹೇಳುವುದು? ಮಗು ಆಡುತ್ತಿಲ್ಲ ಎಂದರೆ ದೂರು. ಆಡುತ್ತಿದೆ ಎನ್ನುವುದೂ ಒಂದು ದೂರೇ?

ಮರಿಯಮ್ಮ ಪಲ್ಯ ಬಡಿಸುತ್ತಾ ನನ್ನ ಎಲೆಯ ಮುಂದೆ ಬಂದವರು ಹಾಗೇ ನಿಂತರು. ನನ್ನ ಹೊಟ್ಟೆ ನೋಡಿದರು. ಮುಖವೆತ್ತಿ ಆಕಾಶ ನೋಡಿದರು.

"ಗೋಪಿ, ಇಮಾನ ನಿಂತು ಎಷ್ಟೊತ್ತಾತು?"

"ಮುಕ್ಕಾಲು ಗಂಟೆ ಆಯ್ತು ಕಣಮ್ಮ. ಎರಡಕ್ಕೆ ಮತ್ತೆ ಶುರು."

"ಇಮಾನ ನಿಂತ್ರೆ ಇದ್ಯಾಕೆ ನಿಂತಿಲ್ಲ?"

ಅದು ಉತ್ತರಕ್ಕಾಗಿ ಕೇಳಿದ ಪ್ರಶ್ನೆ ಎಂದು ಯಾರಿಗೂ ಅನಿಸಲಿಲ್ಲ. ಮರಿಯಮ್ಮ ಪಲ್ಯದ ಪಾತ್ರೆಯನ್ನು ನೆಲಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕೂತರು. ಅಂಗೈ ಇಟ್ಟರು. ಬೆಳಗಿನ ಹಾಗೆ ನಗಲಿಲ್ಲ. ಹಣೆ ಗಂಟು ಹಾಕಿಕೊಂಡು, ಕಣ್ಣು ಮುಚ್ಚಿ ಕೂತರು. ಆ ಮುಖ ನೋಡಿ ನನಗೆ ಮೊದಲ ಸಲ ಭಯವಾಯಿತು.

ಗಂಟೆ ಒಂದು ದಾಟಿದ ಮೇಲೆ, ಒಂದು ದೊಡ್ಡ ಹೊರಳು. ಆಮೇಲೆ ನಿಂತಿತು. ಪೂರ್ತಿ ನಿಂತಿತು.

ಅಬ್ಬಾ ಎನಿಸಿತು ನನಗೆ. ಮೂರು ಗಂಟೆಯ ಗುದ್ದಾಟದ ಮೇಲೆ ಮೈಗೆ ಬಿಡುವು ಸಿಕ್ಕಿತ್ತು. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. "ಆಟ ಆಡಿ ಸುಸ್ತಾಗಿ ಮಲಗ್ತು ದೊಡ್ಡಮ್ಮ. ನಾನೂ ಕೆಳಗೆ ಹೋಗಿ ಒಂದು ಗಂಟೆ ಮಲಗ್ತೀನಿ" ಎಂದೆ.

"ಮಲಗ್ಬ್ಯಾಡ!"

ಆ ಕೂಗಿಗೆ ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ರೇಗಿತು. "ಏನ್ರೀ ಇದು ದೊಡ್ಡಮ್ಮ? ಒದ್ದರೂ ಕಷ್ಟ, ಸುಮ್ಮನಿದ್ದರೂ ಕಷ್ಟ. ನನಗೆ ನಿದ್ದೆ ಮಾಡೋಕೂ ನಿಮ್ಮ ಪರ್ಮಿಷನ್ ಬೇಕಾ?" ಎಂದುಬಿಟ್ಟೆ. ಆಕೆಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಸಕ್ಕರೆ ನೀರು ತರಿಸಿದರು. ಎಡಮಗ್ಗುಲಿಗೆ ಮಲಗಿಸಿದರು. ಕುಡಿದೆ. ಹತ್ತು ನಿಮಿಷ, ಹದಿನೈದು ನಿಮಿಷ. ಆಕೆ ಬೆರಳ ತುದಿಯಿಂದ ಅಲ್ಲಿ ಇಲ್ಲಿ ಮೆಲ್ಲಗೆ ತಟ್ಟಿದರು. ನನ್ನ ಸಿಟ್ಟು ಎಲ್ಲಿಗೋ ಹೋಯಿತು. ನಾನು ಬಾಯೊಳಗೇ ಬೇಡಿಕೊಳ್ಳತೊಡಗಿದೆ, ಒಂದೇ ಒಂದು ಸಲ ಒದಿ, ಒಂದೇ ಸಲ. ಎಲ್ಲೋ ಆಳದಲ್ಲಿ ಏನೋ ಸರಿದಂತಾಯಿತು. ಅದು ಒದೆತವೂ ಅಲ್ಲ, ಹೊರಳುವುದೂ ಅಲ್ಲ.

"ಏಳವ್ವ, ಆಸ್ಪತ್ರೆಗೆ ಓಗಾನ" ಎಂದರು ಮರಿಯಮ್ಮ.

ಚಿಕ್ಕಬೈರಪ್ಪ ಎಲೆಯ ಮುಂದಿನಿಂದಲೇ ನಕ್ಕ. "ಏನತ್ತಿಗೆ, ಬೆಳಿಗ್ಗೆ ನೀನೇ ಅಲ್ವಾ ಕುಣೀತದೆ ಅಂದಿದ್ದು? ಈಗ ಕುಣಿದು ಮಲಗಿದ್ರೆ ಆಸ್ಪತ್ರೆ ಅಂತೀಯ?"

"ನಾನ್ ಯೋಳಿದ್ದು ತಪ್ಪು" ಎಂದರು ಮರಿಯಮ್ಮ.

ಗೋಪಿ ಉಣ್ಣುತ್ತಿದ್ದ ಕೈಯನ್ನು ಹಾಗೇ ಹಿಡಿದು ತಾಯಿಯನ್ನು ನೋಡಿದ. ಮೂವತ್ತೆಂಟು ವರ್ಷದಲ್ಲಿ ಅವನು ತಾಯಿಯ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲಂತೆ. ಎಲೆ ಬಿಟ್ಟು ಎದ್ದು ಕಾರಿನ ಕೀಲಿಗೆ ಓಡಿದ. ಕಾರು ತೆಗೆಯುವುದೆಲ್ಲಿ? ಬೀದಿಯುದ್ದಕ್ಕೂ ನೆಂಟರ ಕಾರು, ಬೈಕು. ಅವನ್ನೆಲ್ಲ ಸರಿಸಿದರೂ ಮುಂದೆ ಬಳ್ಳಾರಿ ರಸ್ತೆ. ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆ ಅದರ ಆಚೆ ಸಹಕಾರನಗರದಲ್ಲಿ. ಆ ದಿನ ಆ ರಸ್ತೆ ದಾಟಲು ಎರಡು ಗಂಟೆಯಾದರೂ ಬೇಕಿತ್ತು. ಅಭಿರಾಮನಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಆಸ್ಪತ್ರೆಗೆ ಮಾಡಿದೆ, ಹೋಗಲಿಲ್ಲ. ಅಷ್ಟು ಜನ ಸೇರಿದ ದಿನ ನೆಟ್‌ವರ್ಕ್ ಎಲ್ಲಿಂದ ಬರಬೇಕು?

"ಅಮ್ಮಾ, ನನ್ನ ಆಟೋ ಬೀದಿ ತುದೀಲೇ ಇದೆ. ಎಲ್ಲಿಗೆ ಹೇಳಿ, ಬಿಡ್ತೀನಿ" ಎಂದ ಆತಿಫ್.

"ಕೆರೆ ಆಚೆ, ಥಣಿಸಂದ್ರ ರೋಡಾಗೆ ಒಂದು ಆಸ್ಪತ್ರೆ ಅದೆಯಲ್ಲ, ಅಲ್ಲಿಗೆ ನಡಿ" ಎಂದರು ಮರಿಯಮ್ಮ.

"ನನ್ನ ಫೈಲೆಲ್ಲ ಸಹಕಾರನಗರದಲ್ಲಿದೆ ದೊಡ್ಡಮ್ಮ" ಎಂದೆ ನಾನು, ಮೆಟ್ಟಿಲಿಳಿದು ಆಟೋದ ಬಳಿ ಬಂದಾಗ. ಅಷ್ಟು ಹೊತ್ತಿನಲ್ಲೂ ನನಗೆ ಫೈಲಿನ ಚಿಂತೆ. "ಕೂಸು ನಿನ್ನ ಹೊಟ್ಟೇಲದೆ, ಫೈಲ್ನಾಗಿಲ್ಲ, ಆಟೋ ಅತ್ತು" ಎಂದು ಒಳಗೆ ತಳ್ಳಿದರು. ಗೋಪಿ ಬೈಕಿನಲ್ಲಿ ಮುಂದೆ ಹೋಗಿ ಆಸ್ಪತ್ರೆಯಲ್ಲಿ ಹೇಳಿಡುತ್ತೇನೆಂದು ಹೊರಟ.

ಆತಿಫ್ ಸಾಮಾನ್ಯ ದಾರಿ ಹಿಡಿಯಲು ಹೋದರೆ ಅಲ್ಲೂ ವಾಹನಗಳ ಸಾಲು. ಆಮೇಲೆ ದಾರಿ ಹೇಳಿದ್ದೆಲ್ಲ ಮರಿಯಮ್ಮ. "ಎಡಕ್ಕೆ ತಗೋ, ಬೈರಪ್ಪನ ಬದ್ನೆ ತ್ವಾಟ. ಬಲಕ್ಕೆ, ಇಲ್ಲಿ ಕಾಲುವೆ ಇತ್ತು, ಇದರ ಮಗ್ಗುಲಾಗೇ ಓಗು." ಆತಿಫನಿಗೆ ಕಾಣುತ್ತಿದ್ದದ್ದು ಕಾಂಪೌಂಡು ಗೋಡೆಗಳು ಮಾತ್ರ. ಆದರೂ ಅವನು ಆಕೆ ಹೇಳಿದ ಕಡೆಗೇ ತಿರುಗಿಸಿದ. ಎರಡು ಅಪಾರ್ಟ್‌ಮೆಂಟುಗಳ ನಡುವಿನ ಒಂದು ಸಂದಿಯಲ್ಲಿ ಆಟೋ ಎರಡೂ ಕಡೆ ಗೀರಿಕೊಂಡು ನುಸುಳಿತು. ಹೊರಗೆ ಬಂದರೆ ಎದುರಿಗೆ ಕೆರೆ ಏರಿಯ ಗೇಟು.

ಏರಿಯ ಮೇಲೆ ಈಗ ವಾಕಿಂಗಿನ ಹಾದಿ. ಗಾಡಿ ಬಿಡುವಂತಿಲ್ಲ. ಗೇಟಿಗೆ ಬೀಗ, ಪಕ್ಕದಲ್ಲಿ ಕಾವಲುಗಾರ. ಪಾಪ, ಅವನ ಕೆಲಸ ಅವನದು. "ಗಾಡಿ ಬಿಡೋ ಹಂಗಿಲ್ಲಮ್ಮ, ಮೇಲಿನೋರು ಬೈತಾರೆ" ಎಂದ.

ಮರಿಯಮ್ಮ ಇಳಿದು ಅವನ ಕೈ ಹಿಡಿದುಕೊಂಡು ಆಟೋದ ಹತ್ತಿರ ಕರೆತಂದರು. ನನ್ನನ್ನು ತೋರಿಸಿದರು. "ನೋಡಪ್ಪ. ಕೂಸು ಆಡ್ತಿಲ್ಲ. ನಿನ್ನ ಕೆಲಸ ಓದ್ರೆ ನಮ್ಮನೇಗೆ ಬಾ, ನಾನಿರೋಗಂಟ ಉಣ್ಣಕ್ಕಿಕ್ತೀನಿ. ಈಗ ಬೀಗ ತೆಗಿ."

ಅವನು ನನ್ನ ಮುಖ ನೋಡಿದ. ಏನು ಕಂಡಿತೋ, ಓಡಿಹೋಗಿ ಬೀಗ ತೆಗೆದ.

ಏರಿಯ ನಡುವಿಗೆ ಬಂದಿದ್ದೆವು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಗಂಟೆ ಎರಡಾಗಿತ್ತು. ಹಿಂದಿನಿಂದ ಆ ಸದ್ದು ಬಂತು. ಮೂರು ಯುದ್ಧವಿಮಾನಗಳು ನಮ್ಮ ತಲೆಯ ಮೇಲೇ ಹಾದುಹೋದವು. ಆಟೋದ ತಗಡು ಅದುರಿತು. ಕೆರೆಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ನನ್ನ ಎದೆಯೊಳಗೆ, ಹಲ್ಲಿನೊಳಗೆ ಆ ಸದ್ದು ಇಳಿಯಿತು. ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕಾದೆ.

ಹೊಟ್ಟೆ ಮಿಸುಕಲಿಲ್ಲ.

ಪುಟ್ಟ ತರಬೇತಿ ವಿಮಾನದ ಗುಂಯ್‌ಗುಡುವಿಕೆಗೆ ಕುಣಿಯುತ್ತಿದ್ದ ಮಗು ಅದು. ಮರಿಯಮ್ಮನ ಕೈಯೂ ಅಲ್ಲೇ ಇತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಜೋರಾಗಿ ಅಳತೊಡಗಿದೆ. "ಇನ್ನೂ ಜೋರಾಗಿ ಓಡ್ಸಪ್ಪ, ನಿನ್ನ ದಮ್ಮಯ್ಯ" ಎಂದರು ಮರಿಯಮ್ಮ ಆತಿಫನಿಗೆ. ಅವನು ಏನೋ ದುವಾ ಹೇಳಿಕೊಳ್ಳುತ್ತಾ ಹ್ಯಾಂಡಲ್ ತಿರುವಿದ.

ಆಸ್ಪತ್ರೆಯ ಬಾಗಿಲಲ್ಲಿ ಗೋಪಿ ಸ್ಟ್ರೆಚರಿನೊಂದಿಗೆ ನಿಂತಿದ್ದ. ನರ್ಸ್ ಹೊಟ್ಟೆಗೆ ಬೆಲ್ಟು ಕಟ್ಟಿದಳು. ಮಗುವಿನ ಎದೆಬಡಿತ ಯಂತ್ರದಿಂದ ಕೇಳಿಬಂತು. ಜೀವ ಬಂದಂತಾಯಿತು ನನಗೆ. ಆದರೆ ಕೇಳುತ್ತಿರುವಂತೆಯೇ ಅದು ನಿಧಾನವಾಯಿತು. ಮತ್ತೆ ಏರಿತು. ಮತ್ತೆ ಇಳಿಯಿತು, ಈ ಸಲ ಏರಲು ಬಹಳ ಹೊತ್ತು ತೆಗೆದುಕೊಂಡಿತು. ಡಾಕ್ಟರಮ್ಮ ಕಾಗದದ ಗೆರೆ ನೋಡಿ, "ಈಗ್ಲೇ ಆಪರೇಷನ್ ಮಾಡ್ಬೇಕು. ಕಾಯೋ ಹಾಗಿಲ್ಲ" ಎಂದರು. ನಾನು ಸಹಿ ಹಾಕಿದೆ. ಜೊತೆಗೆ ಬಂದವರ ಸಹಿಯೂ ಬೇಕಿತ್ತು. ಮರಿಯಮ್ಮ ಪೆನ್ನು ಹಿಡಿದು ಒಂದೊಂದೇ ಅಕ್ಷರ ಬರೆದರು. "ನೀವು ಇವರಿಗೆ ಏನಾಗ್ಬೇಕು?" ಎಂದು ಕೇಳಿದಳು ನರ್ಸ್.

"ದೊಡ್ಡಮ್ಮ" ಎಂದರು, ಅರೆಕ್ಷಣವೂ ತಡೆಯದೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಎದೆಯ ಕೆಳಗೆ ಪರದೆ ಎಳೆದರು. ನನಗೆ ಎಚ್ಚರವಿತ್ತು. ಒಳಗೆ ಎಳೆದಾಡುವುದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. "ಬಂತು" ಎಂದರು ಯಾರೋ. ಅಳು ಕೇಳಲಿಲ್ಲ. ನಾನು ಎಣಿಸತೊಡಗಿದೆ. ನನಗೆ ಬರುವುದು ಅದೊಂದೇ ವಿದ್ಯೆ. ಒಂದು, ಎರಡು, ಮೂರು. ಯಾರೋ ಓಡಿದ ಸದ್ದು. ಒಂಬತ್ತು, ಹತ್ತು. ಹತ್ತಾದರೂ ಯಾವ ಹಸಿರು ಟಿಕ್ಕೂ ಬರಲಿಲ್ಲ. ಹದಿನಾರು, ಹದಿನೇಳು. ಹತ್ತೊಂಬತ್ತಕ್ಕೆ ಒಂದು ಕೆಮ್ಮು, ಅದರ ಬೆನ್ನಿಗೇ ಒಂದು ಸಣ್ಣ ಸಿಟ್ಟಿನ ಅಳು. ನಾನು ಎಣಿಸುವುದನ್ನು ನಿಲ್ಲಿಸಿದೆ.

ಹೆಣ್ಣುಮಗು. ಹೊಕ್ಕುಳಬಳ್ಳಿ ಕತ್ತಿಗೆ ಎರಡು ಸುತ್ತು ಹಾಕಿಕೊಂಡಿತ್ತು. ಜೊತೆಗೆ ಬಳ್ಳಿಯಲ್ಲೇ ಒಂದು ಗಂಟು ಬಿದ್ದು ಬಿಗಿಯುತ್ತಾ ಬಂದಿತ್ತು. ಡಾಕ್ಟರಮ್ಮ ಸಂಜೆ ಬಂದು ಹೇಳಿದರು: "ಜಾಸ್ತಿ ಒದೆಯೋ ಮಕ್ಕಳೆಲ್ಲ ಹೀಗಿರಲ್ಲ. ಬಹಳ ಸಲ ಏನೂ ಇರೋದಿಲ್ಲ, ಚುರುಕು ಮಗು ಅಷ್ಟೇ. ಆದ್ರೆ ದಿನದ ಹಾಗಿಲ್ಲ ಅಂತ ತಾಯಿಗೆ ಅನ್ಸಿದ್ರೆ ಎಣಿಸ್ತಾ ಕೂರಬಾರದು, ಬಂದುಬಿಡಬೇಕು. ನೀವು ಇನ್ನೊಂದು ಗಂಟೆ ಮಲಗಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ಹೊತ್ತಿಗೆ ಅಭಿರಾಮ್ ಬಂದಿದ್ದ. ಗೋಪಿಯ ಫೋನು ಕೊನೆಗೂ ತಲುಪಿ, ಹೆಬ್ಬಾಳದಿಂದ ನಡೆದುಕೊಂಡೇ ಬಂದಿದ್ದನಂತೆ, ಶರ್ಟು ಬೆನ್ನಿಗೆ ಅಂಟಿತ್ತು. ಮರಿಯಮ್ಮ ಕಾರಿಡಾರಿನ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಅವನು ಆಕೆಯ ಕಾಲು ಹಿಡಿದುಕೊಂಡನೆಂದು ಆಮೇಲೆ ಗೋಪಿ ಹೇಳಿದ.

ಮೂರನೇ ದಿನ ಮಧ್ಯಾಹ್ನ ಮರಿಯಮ್ಮ ನೋಡಲು ಬಂದರು. ಅಮ್ಮ ಔಷಧಿ ತರಲು ಕೆಳಗೆ ಹೋಗಿದ್ದಳು. ಮಗುವನ್ನು ಎತ್ತಿಕೊಳ್ಳಿ ಎಂದರೆ ಎತ್ತಿಕೊಳ್ಳಲಿಲ್ಲ, ತೊಟ್ಟಿಲ ಅಂಚು ಹಿಡಿದು ನಿಂತರು. ನಾನು ಕೇಳಿದೆ, "ನಿಮಗೆ ಹೇಗೆ ಗೊತ್ತಾಯ್ತು ದೊಡ್ಡಮ್ಮ?"

"ಗೋಪಿಗಿಂತ ಮುಂಚೆ ಒಂದಿತ್ತು" ಎಂದರು.

ತೊಟ್ಟಿಲ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ತಾವೇ ಮುಂದುವರಿಸಿದರು.

"ಒಂಬತ್ತು ತುಂಬಿತ್ತು. ರಾಗಿ ಕಣದ ಕಾಲ. ಬೆಳಗ್ನಿಂದ ಒಂದೇ ಸಮ ಒದೀತು. ಕಣದಾಗಿದ್ದೋರೆಲ್ಲ ಬಂದು ಮುಟ್ಟಿ ಮುಟ್ಟಿ ನೋಡಿದ್ರು. ಗಂಡು ಕಣೇ ಮರೀ, ಈಗ್ಲೇ ರಾಗಿ ಒಕ್ಕೋ ರೋಣಗಲ್ಲು ಎಳೀತಾವ್ನೆ ಅಂತ ನಗಾಡಿದ್ರು. ನಾನೂ ನಕ್ಕೆ. ಸಂಜೀಗೆ ಸುಮ್ಕಾತು. ಅಪ್ಪಾ, ಮಲಗ್ತು ಅನ್ಕಂಡೆ." ಆಕೆ ತೊಟ್ಟಿಲ ಬಟ್ಟೆಯ ಮಡಿಕೆ ಸರಿಮಾಡಿದರು. "ಅವತ್ತು ಎಂಥಾ ನಿದ್ದೆ ಬಂತು ಗೊತ್ತಾ ವನಿತಾ? ಮೂರು ತಿಂಗಳಿಂದ ಬರ್ದೇ ಇದ್ದ ನಿದ್ದೆ. ನಮ್ಮತ್ತೆ ಬಂದು ಎಬ್ಬಿಸೋಗಂಟ ಎಚ್ಚರಾನೇ ಆಗ್ಲಿಲ್ಲ. ಅದು ಒಳಗೆ ಓಗ್ಬಿಟ್ಟಿತ್ತು, ನಾನು ಸುಖವಾಗಿ ಮಲಗಿದ್ದೆ."

ನನ್ನ ಆರಿದ ಕಾಫಿಗಳೆಲ್ಲ ನೆನಪಾದವು. ನಾಚಿಕೆಯಾಯಿತು. ಹೊಲಿಗೆ ನೋಯುತ್ತಿದ್ದರೂ ಕೈ ಚಾಚಿ ಆಕೆಯ ಕೈ ಹಿಡಿದುಕೊಂಡೆ.

"ಮೊನ್ನೇನೂ ನಕ್ಕೆನಲ್ಲವ್ವ" ಎಂದರು ಮರಿಯಮ್ಮ. "ಅಷ್ಟು ಗೊತ್ತಿದ್ದೂ ಎಲ್ಲರ್ನೂ ಕರೆದು ತೋರಿಸ್ದೆ. ಇಮಾನ ನಿಲ್ದೇ ಓಗಿದ್ರೆ ನಂಗೆ ತಿಳೀತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ಹೊರಟರು. ಬಾಗಿಲವರೆಗೆ ಹೋಗಿ ತಿರುಗಿ ಮಗುವನ್ನೊಮ್ಮೆ ನೋಡಿದರು.

ಐದನೇ ದಿನ ನನ್ನನ್ನು ಚಿಕ್ಕಬಾಣಾವರಕ್ಕೆ ಕರೆದೊಯ್ದರು. ಮಗಳು ಹೊಟ್ಟೆಯಲ್ಲಿದ್ದಾಗ ಹೇಗೋ ಹೊರಗೂ ಹಾಗೇ. ಕಾಲು ಒಂದು ಗಳಿಗೆ ಸುಮ್ಮನಿರದು, ಹೊದಿಸಿದ ಬಟ್ಟೆ ಒದ್ದು ಕಿತ್ತೊಗೆಯುವುದು, ಅಳುವುದು. ನಾನೂ ಅಮ್ಮನೂ ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದೆವು. ಅಲ್ಲಿಗೆ ಹೋದ ನಾಲ್ಕನೇ ಬೆಳಿಗ್ಗೆ ಏಳೂವರೆಗೆ ಯಾರೋ ಬಾಗಿಲು ಬಡಿದರು. ನಮ್ಮಮ್ಮನ ಮನೆಗೂ ಕಾಲಿಂಗ್ ಬೆಲ್ ಇದೆ. ತೆಗೆಯುವ ಮೊದಲೇ ಯಾರೆಂದು ನನಗೆ ಗೊತ್ತಾಯಿತು.

ಹೊರಗೆ ಆತಿಫನ ಆಟೋ ನಿಂತಿತ್ತು. ಮರಿಯಮ್ಮ ಮೊಣಕಾಲು ಒತ್ತಿಕೊಳ್ಳುತ್ತಾ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಬಾಣಂತಿಗೆಂದು ತಂದ ಸಬ್ಬಸಿಗೆ ಸೊಪ್ಪಿನ ಕಟ್ಟು.

"ನಿದ್ದೆ ಬಂತಾ?"

"ಒಂದು ಚೂರೂ ಇಲ್ಲ ದೊಡ್ಡಮ್ಮ. ರಾತ್ರಿಯೆಲ್ಲ ಒದ್ದು ಒದ್ದು ಅತ್ತಳು."

"ಒಳ್ಳೇದಾಯ್ತು" ಎಂದು ಒಳಗೆ ಬಂದು ಕೈಕಾಲು ತೊಳೆದುಕೊಂಡರು. ಗೋಡೆಗೊರಗಿ ಕಾಲು ಚಾಚಿ ಕೂತು, ಎರಡೂ ಕೈ ಮುಂದೆ ಮಾಡಿದರು. "ಕೊಡಿಲ್ಲಿ ಕೂಸ್ನ. ನಾನ್ ಎದ್ದಿರ್ತೀನಿ, ನೀನ್ ಓಗಿ ಮಲಕ್ಕೋ."